ಹಳೆಯ ನೀರಿನ ಅಕ್ಕೋರು

ಹನ್ನೊಂದು ಮೀನುಗಳ ಸಾವಿಗೆ ನಮ್ಮ ಕಾಲನಿಯ ನಿವಾಸಿಗಳ ಸಂಘವೇ ಹೊಣೆ. ಈ ಮಾತನ್ನು ನಾನು ಸಿಟ್ಟಿನ ಭರದಲ್ಲಿ ಬರೆಯುತ್ತಿಲ್ಲ. ಸಿಟ್ಟು ಬಂದು ಮೂರು ವಾರವಾಯಿತು, ಅದು ಈಗ ಗಟ್ಟಿಯಾಗಿ ಕೂತಿದೆ. ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು, ಪೊರಕೆ ಹಿಡಿದವರು, ಬಕೀಟು ಹೊತ್ತವರು, ದೂರದಲ್ಲಿ ನಿಂತು 'ಇನ್ನಷ್ಟು ತಿಕ್ರಿ' ಎಂದು ಸಲಹೆ ಕೊಟ್ಟವರು, ಎಲ್ಲರೂ ಸೇರಿ ನಲ್ಲಿಗೆ ನೀರು ಬಂದ ದಿನ ಹಾಡುಹಗಲಿನಲ್ಲಿ, ಅತ್ಯಂತ ಶುಭ್ರವಾದ ಉದ್ದೇಶದಿಂದ, ಈ ಕೃತ್ಯವನ್ನು ಎಸಗಿದ್ದಾರೆ. ಸಾಲದ್ದಕ್ಕೆ, ಮೀನು ಸಾಕಿದ ಮನೆಯೊಡತಿ ಊರು ಬಿಟ್ಟು ಹೊರಟಾಗ ಶಾಲು ಹೊದಿಸಿ, ಹಣ್ಣು ಕೊಟ್ಟು, ಗಾಜಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಮೀನು ಈಜುವ ಒಂದು ಅಲಂಕಾರದ ವಸ್ತುವನ್ನು ನೆನಪಿನ ಕಾಣಿಕೆಯೆಂದು ಅವರ ಕೈಗಿಟ್ಟಿದ್ದಾರೆ. ಸ್ವಿಚ್ ಒತ್ತಿದರೆ ಮೀನು ಬಾಲ ಆಡಿಸುತ್ತದೆ. ಕೊಂದವರೇ ಸ್ಮಾರಕ ನಿಲ್ಲಿಸುವ ಪದ್ಧತಿ ಹಳೆಯದೆಂದು ಎಂ.ಎ. ತರಗತಿಯಲ್ಲಿ ಓದಿದ್ದೆ; ಬ್ಯಾಟರಿ ಸಮೇತ ಕಂಡದ್ದು ಇದೇ ಮೊದಲು.

ಆ ಮನೆಯೊಡತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಧಾರವಾಡದ ನಮ್ಮ ಕಾಲನಿಯಲ್ಲಿ ಅದು ಯಾರದೆಂದು ಅರ್ಧ ಜನಕ್ಕೆ ತಿಳಿಯಲಿಕ್ಕಿಲ್ಲ. ನಮಗೆಲ್ಲ ಅವರು ಟೈಪಿಂಗ್ ಅಕ್ಕೋರು. ಮನೆಯ ಮುಂದಿನ ಕೋಣೆಯಲ್ಲಿ ಐದು ಟೈಪರೈಟರ್ ಇಟ್ಟುಕೊಂಡು, ತೊಂಬತ್ತರ ದಶಕದ ಉದ್ದಕ್ಕೂ ಈ ಭಾಗದ ಕಚೇರಿಗಳಿಗೆ ಗುಮಾಸ್ತರನ್ನು ಸರಬರಾಜು ಮಾಡಿದವರು. ಮದುವೆಯಾಗಿರಲಿಲ್ಲ. ಯಾರಾದರೂ ಕಾರಣ ಕೇಳಿದರೆ, "ಬಂದ ಅರ್ಜಿಯೊಳಗ ಎಲ್ಲಾದ್ರಾಗೂ ತಪ್ಪಿದ್ವು" ಎನ್ನುತ್ತಿದ್ದರು.

ಅವರ ಹತ್ತು ಬೆರಳುಗಳು ಎಂದೂ ಸುಮ್ಮನಿದ್ದದ್ದನ್ನು ನಾನು ಕಾಣೆ. ನೀವು ಮಾತಾಡುತ್ತಿದ್ದರೆ ಅವರು ಕಿವಿಯಿಂದ ಕೇಳುತ್ತ, ಎದುರಿಗೆ ಸಿಕ್ಕಿದ ಮೇಜಿನ ಮೇಲೋ ಕಟ್ಟೆಯ ಮೇಲೋ ಬಸ್ಸಿನ ಸೀಟಿನ ಮೇಲೋ ನಿಮ್ಮ ಮಾತನ್ನು ಟೈಪು ಮಾಡುತ್ತಿದ್ದರು. ಸುಳ್ಳು ಹೇಳಿದ ಕ್ಷಣ ಬೆರಳು ನಿಲ್ಲುತ್ತಿದ್ದವು. ಪಾಠ ತಪ್ಪಿಸಿ, ಜ್ವರ ಬಂದಿತ್ತೆಂದು ನಾನು ಹೇಳಿದ ದಿನಗಳಲ್ಲೆಲ್ಲ ಅವು ಎರಡನೆಯ ಶಬ್ದಕ್ಕೇ ನಿಂತಿವೆ.

ಪಾಠದಲ್ಲಿ ಅವರದು ಒಂದೇ ಕಟ್ಟಳೆ. ತಪ್ಪು ಹೊಡೆದರೆ ಅಳಿಸುವಂತಿಲ್ಲ, ಹಾಳೆ ಬದಲಿಸುವಂತಿಲ್ಲ. ಮೂರನೆಯ ಸಾಲಿನಲ್ಲಿ ತಪ್ಪು ಬಿದ್ದು ನಾನು ಹಾಳೆ ಎಳೆಯಲು ಹೋದಾಗಲೆಲ್ಲ ಕೈಮೇಲೆ ಒಂದು ಪೆನ್ಸಿಲ್ಲಿನ ಏಟು ಬೀಳುತ್ತಿತ್ತು.

"ಹೊಸಾ ಹಾಳಿ ಕೇಳಬ್ಯಾಡ ತಮ್ಮಾ. ತಪ್ಪು ಬಿದ್ದದ್ದ ಹಾಳಿಯೊಳಗ ಮುಂದ ಹೊಡಿ."

ಮುಂದೆ ಕಂಪ್ಯೂಟರ್ ಬಂತು. ಬೀದಿಗೊಂದು ಕಂಪ್ಯೂಟರ್ ಕ್ಲಾಸು ತೆರೆದು, ಅಕ್ಕೋರ ಐದು ಯಂತ್ರಗಳಲ್ಲಿ ಮೂರಕ್ಕೆ ಬಟ್ಟೆಯ ಮುಸುಕು ಬಿತ್ತು. ಹುಬ್ಬಳ್ಳಿಯಿಂದ ಬಂದು ಆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಚಾಚಾ ಕೂಡ ಕಸುಬು ಬದಲಿಸಿ ಏರ್ ಕೂಲರಿನ ಕೆಲಸ ಹಿಡಿದರು. ಆ ವರ್ಷ ಕೃಷಿ ಮೇಳಕ್ಕೆ ಹೋದ ಅಕ್ಕೋರು ಇಂಗ್ಲಿಷಿನ ಒಂದು ಕರಪತ್ರದೊಂದಿಗೆ ಮರಳಿದರು. ಅಕ್ವಾಪೋನಿಕ್ಸ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಇಡೀ ಕರಪತ್ರವನ್ನು ಕನ್ನಡಕ್ಕೆ ತಿರುಗಿಸಿ, ಮೂರು ಪ್ರತಿ ಟೈಪು ಮಾಡಿ, ಒಂದನ್ನು ನನಗೆ ಕೊಟ್ಟರು. ನಾನು ಓದಿ ಕಕ್ಕಾಬಿಕ್ಕಿಯಾದೆ.

"ಇದರಾಗ ತಿಳೀದಿದ್ದೇನೈತಿ? ಕೆಳಗ ಬ್ಯಾರಲಿನ್ಯಾಗ ಮೀನ. ಮ್ಯಾಲ ಟಬ್ಬಿನ್ಯಾಗ ಖಡಿ, ಖಡಿಯೊಳಗ ಪಲ್ಯೆ. ಮೀನ ಹೊಲಸು ಮಾಡತಾವ, ಆ ನೀರು ಮ್ಯಾಲ ಏರಸೋದು. ಗಿಡಾ ಹೊಲಸು ಉಂಡು ನೀರು ಹಸನ ಮಾಡಿ ಕೆಳಗ ಬಿಡತಾವ. ಎಂಟು ದಿನಕ್ಕೊಮ್ಮೆ ನಳಾ ಬರೋ ಊರಾಗ ಪಲ್ಯೆ ಬೆಳೀಲಿಕ್ಕೆ ಇದಕ್ಕಿಂತ ಶಾಣ್ಯಾತನ ಬ್ಯಾರೆ ಏನೈತಿ? ಅದ ನೀರು ಸುತ್ತತಿರತೈತಿ."

"ಆಮ್ಯಾಲೆ ಮೀನಾ ಏನ ಮಾಡೂದ್ರಿ ಅಕ್ಕೋರ?"

ಕರಪತ್ರದ ಕೊನೆಯ ಸಾಲಿನಲ್ಲಿ 'ಬಲಿತ ಮೀನನ್ನು ಆಹಾರವಾಗಿ ಬಳಸಿ' ಎಂದಿತ್ತು. ಅಕ್ಕೋರು ಮೂರು ತಲೆಮಾರಿನಿಂದ ತತ್ತಿಯನ್ನೂ ಮುಟ್ಟದ ಮನೆತನದವರು. ಅವರು ಆ ಸಾಲನ್ನು ಅನುವಾದಿಸಿದ್ದರು, ಆದರೆ ಅದರ ಮುಂದೆ ಕಂಸದಲ್ಲಿ 'ನಮಗೆ ಸಂಬಂಧಿಸಿದ್ದಲ್ಲ' ಎಂದು ಸೇರಿಸಿದ್ದರು.

ಹಿತ್ತಲಿನಲ್ಲಿ ಬಾಯಿ ಕತ್ತರಿಸಿದ ನೀಲಿ ಪ್ಲಾಸ್ಟಿಕ್ ಬ್ಯಾರೆಲ್ ಬಂತು. ಕೆಲಸವಿಲ್ಲದ ಟೈಪಿಂಗ್ ಮೇಜು ಅದರ ಪಕ್ಕ ನಿಂತು, ಅದರ ಮೇಲೆ ಖಡಿ, ಎಂದರೆ ಸಣ್ಣ ಜಲ್ಲಿಕಲ್ಲು, ತುಂಬಿದ ಟಬ್ಬು ಕೂತಿತು. ಟಬ್ಬಿನ ತಳಕ್ಕೊಂದು ತೂತು, ತೂತಿನಿಂದ ಬ್ಯಾರೆಲ್ಲಿಗೊಂದು ಪೈಪು. ಖಡಿ ತೊಳೆಯಲು ನಾಲ್ಕು ದಿನ ಹಿಡಿಯಿತು, ಏಕೆಂದರೆ ನಮ್ಮ ಧಾರವಾಡದ ಕೆಂಪು ಮಣ್ಣು ಯಾವುದನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಚಾಚಾ ಹಳೆಯ ಕೂಲರಿನ ಪಂಪು ಜೋಡಿಸಿದರು. ಕರೆಂಟು ಹೋದಾಗ ಪಂಪಿನ ಕೆಲಸ ನಮ್ಮದು. ಟೈಪಿಂಗಿಗೆ ಬಂದ ಪ್ರತಿಯೊಬ್ಬರೂ ಯಂತ್ರ ಮುಟ್ಟುವ ಮೊದಲು ಹತ್ತು ಚೆಂಬು ನೀರನ್ನು ಬ್ಯಾರೆಲ್ಲಿನಿಂದ ಟಬ್ಬಿಗೆ ಹೊಯ್ಯಬೇಕು. "ಬೆರಳು ಸಡಲಾಗತಾವ" ಎಂಬುದು ಅಕ್ಕೋರ ಸಮರ್ಥನೆ. ಬೆರಳು ಸಡಿಲವಾದವೋ ಇಲ್ಲವೋ, ಆಗಿನ ನನ್ನ ಟೈಪಿಂಗ್ ಹಾಳೆಗಳಿಗೆ ಇಂದಿಗೂ ಕೆರೆಯ ವಾಸನೆಯಿದೆ.

ಮೊದಲು ನಾಲ್ಕೇ ನಾಲ್ಕು ಗೆಂಡೆ ಮೀನಿನ ಮರಿಗಳು ಬಂದವು. ಎಂಟನೆಯ ದಿನ ನಳ ಬಂತು.

ನಮ್ಮಲ್ಲಿ ನಳ ಬರುವುದು ಒಂದು ವ್ರತ. ಎಂಟು ದಿನ ದೇವರಂತೆ ಕಾಯ್ದುಕೊಂಡ ನೀರು, ನಳದ ಮೊದಲ ಸದ್ದಿಗೆ ಅಸ್ಪೃಶ್ಯವಾಗಿಬಿಡುತ್ತದೆ. 'ಹಳೇ ನೀರು ಚೆಲ್ರಿ, ಹೊಸಾ ನೀರು ತುಂಬ್ರಿ' ಎಂಬ ಕೂಗು ಮನೆಯಿಂದ ಮನೆಗೆ ಹಾರುತ್ತದೆ. ಹಂಡೆ, ಕೊಡ, ಬಿಂದಿಗೆ ಎಲ್ಲವೂ ಅಂಗಳದಲ್ಲಿ ಬೋರಲು ಬೀಳುತ್ತವೆ. ಮುಂದಿನ ನೀರು ಯಾವಾಗ ಬಂದೀತೆಂಬ ಖಾತ್ರಿಯಿಲ್ಲದ ಊರಿನಲ್ಲಿ ಇದ್ದ ನೀರನ್ನು ಇಷ್ಟು ಉತ್ಸಾಹದಿಂದ ಚೆಲ್ಲುವ ಜನ ಲೋಕದಲ್ಲಿ ಬೇರೆ ಇರಲಾರರು. ಆ ದಿನ ಅಕ್ಕೋರೂ ಅದನ್ನೇ ಮಾಡಿದರು. ನಾಲ್ಕು ಮರಿಗಳನ್ನು ಒಂದು ಪಾತೆಲಿಗೆ ಹಾಕಿ, ಬ್ಯಾರೆಲ್ ಖಾಲಿ ಮಾಡಿ, ತಿಕ್ಕಿ, ಫಳಫಳ ಹೊಳೆಯುವ ಹೊಸ ನೀರು ತುಂಬಿ, ಮರಿಗಳನ್ನು ಮರಳಿ ಬಿಟ್ಟರು. ಸಂಜೆಗೆ ನಾಲ್ಕೂ ಮೇಲೆ ತೇಲಿದವು.

ಚಾಚಾ ಬಂದು ಬ್ಯಾರೆಲ್ಲಿಗೆ ಮೂಗು ಹಚ್ಚಿ ನೋಡಿ ತಲೆ ಚಚ್ಚಿಕೊಂಡರು.

"ಯಾ ಅಲ್ಲಾ! ಅಕ್ಕೋರ, ನಳದ ನೀರಿನ್ಯಾಗ ಕ್ಲೋರಿನ್ ದವಾ ಹಾಕಿರ್ತಾರ್ರಿ. ಮೂರು ದಿನಾ ಬಾಯಿ ತೆರದು ಇಟ್ರ ಅದು ಹಾರಿ ಹೋಗತೈತಿ. ಇರೂ ನೀರು ಎಲ್ಲಾ ಯಾಕ ಚೆಲ್ಲಿದ್ರಿ?"

"ಹಳೇದಾಗಿತ್ತಲ್ಲ ಚಾಚಾ."

"ಹಳೇದಾಗಲಿ ಅಂತನ ಇಡೂದ್ರಿ! ನೀವು ಮೀನ ಸಾಕಾಕತ್ತಿಲ್ಲ, ನೀರು ಸಾಕಾಕತ್ತೀರಿ. ನೀರು ಬದುಕಿದ್ರ ಮೀನ ತಾನ ಬದುಕತೈತಿ."

ಅಕ್ಕೋರ ಬೆರಳುಗಳು ಕಟ್ಟೆಯ ಮೇಲೆ ಆ ವಾಕ್ಯವನ್ನು ಎರಡು ಸಲ ಟೈಪು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರಪತ್ರವನ್ನು ಮತ್ತೊಮ್ಮೆ ಓದಿದಾಗ ತಿಳಿಯಿತು: ಮೀನಿನ ಹೊಲಸು ನೇರವಾಗಿ ಗಿಡಕ್ಕೆ ಆಗಿಬರುವುದಿಲ್ಲ, ಕಣ್ಣಿಗೆ ಕಾಣದ ಜೀವಾಣುಗಳು ಖಡಿಯ ಮೇಲೆ ಮನೆಮಾಡಿ ಅದನ್ನು ಗೊಬ್ಬರವಾಗಿಸಬೇಕು, ಆ ಮನೆ ಕಟ್ಟಲು ಅವುಗಳಿಗೆ ತಿಂಗಳಾದರೂ ಬೇಕು. ಮರುದಿನ ಬ್ಯಾರೆಲ್ಲಿನ ಮೇಲೆ ಒಂದು ಚೀಟಿ ಹತ್ತಿತು: 'ಹಳೆಯ ನೀರು. ಯಾರೂ ಚೆಲ್ಲಕೂಡದು.' ಕಾರ್ಬನ್ ಪ್ರತಿ ಫೈಲಿಗೆ ಹೋಯಿತು.

ಎರಡನೆಯ ಸಲ ಚಾಚಾ ಹದಿಮೂರು ಮರಿ ತಂದರು. ಎರಡನ್ನು ಪಂಪಿನ ದುಡ್ಡಿನ ಬದಲಿಗೆಂದು ತಾವೇ ಇಟ್ಟುಕೊಂಡರು. ಉಳಿದ ಹನ್ನೊಂದು ಬದುಕಿದವು, ಬೆಳೆದವು. ಪಾಲಕ, ರಾಜಗಿರಿ, ಮೆಂತೆ ಟಬ್ಬು ಮೀರಿ ಹೊರಚೆಲ್ಲಿದವು. ಅಕ್ಕೋರು ಮೀನಿಗೆ ಶೇಂಗಾ ಹಿಂಡಿ ಹಾಕುತ್ತಿದ್ದರು, ಅದೂ ಗಂಟೆ ನೋಡಿ, ಮೂರು ಬೆರಳಿನ ಚಿಟಿಕೆಯಷ್ಟು. ಸೋಮವಾರ ತಾವು ಒಪ್ಪತ್ತು ಇರುತ್ತಿದ್ದರಾದ್ದರಿಂದ ಮೀನುಗಳಿಗೂ ಒಪ್ಪತ್ತು. ಶ್ರಾವಣ ಸೋಮವಾರದಂದು ಹನ್ನೊಂದೂ ಮೀನು ಬಾಯಿ ಮೇಲೆತ್ತಿ ಅವರನ್ನೇ ನೋಡುತ್ತಿರುತ್ತಿದ್ದವು.

"ಪಾಪ, ಹಸದಾವ್ರಿ" ಎಂದೆ ಒಮ್ಮೆ.

"ಹಸೀಲಿ. ಪುಣ್ಯಾ ಬರತೈತಿ. ಮುಂದಿನ ಜನ್ಮಕ್ಕ ಗುಮಾಸ್ತರಾಗತಾವ."

ವಾರಕ್ಕೊಮ್ಮೆ ಅರೆಹೊಟ್ಟೆ ಬಿಟ್ಟರೆ ನೀರು ಕೆಡುವುದಿಲ್ಲವೆಂದು ಚಾಚಾ ಆಮೇಲೆ ಹೇಳಿದರು. ಅಕ್ಕೋರು ಆಶ್ಚರ್ಯಪಡಲಿಲ್ಲ. ಸೋಮವಾರವೆಂದರೆ ಸೋಮವಾರವೇ.

ಇನ್ನು ಸಂಘದ ವಿಷಯ. ಸಂಘದ ವಾರ್ಷಿಕ ಸಹಭೋಜನಕ್ಕೆ ಪ್ರತಿ ಮನೆಯಿಂದ ಒಂದೊಂದು ಅಡುಗೆ. ಅಕ್ಕೋರು ಒಂದು ದೊಡ್ಡ ಪಾತೆಲಿ ಪಾಲಕದ ಪಲ್ಯ ತಂದರು. ಕಾರ್ಯದರ್ಶಿಗಳು ಮೂರು ಸಲ ಹಾಕಿಸಿಕೊಂಡು, ಬೆರಳು ನೆಕ್ಕಿ ಕೇಳಿದರು:

"ಅಕ್ಕೋರ, ಭಾಳ ಛಲೋ ಅದರಿ. ಯಾವ ಸಂತಿಯಿಂದ ತಂದ್ರಿ?"

"ಹಿತ್ತಲದಾಗಿಂದ್ರಿ. ನಮ್ಮ ಮೀನಿನ ಪಲ್ಯೆ."

ಬಾಯೊಳಗಿದ್ದ ತುತ್ತು ನುಂಗಲೂ ಬಾರದು, ಉಗುಳಲೂ ಬಾರದು. ಕಾರ್ಯದರ್ಶಿಗಳ ಮುಖ ಪಲ್ಯದ ಬಣ್ಣಕ್ಕೇ ತಿರುಗಿತು.

"ಅಂದ್ರ ಇದು... ಮೀನ ಉಚ್ಚಿ ಹೊಯ್ದ ನೀರಾಗ...?"

"ಬರೇ ಉಚ್ಚಿ ಅಲ್ರಿ" ಎಂದು ಅಕ್ಕೋರು ಪೂರ್ತಿ ವಿವರಕ್ಕಿಳಿದರು.

ಮೂವರ ಉಪಸಮಿತಿ ರಚನೆಯಾಯಿತು. 'ಮೀನಿನ ನೀರು ಕುಡಿದ ಪಾಲಕ ಶಾಕಾಹಾರವೇ?' ಎಂಬ ಪ್ರಶ್ನೆಯನ್ನು ಅದು ಎರಡು ಸಭೆಗಳಲ್ಲಿ ಚರ್ಚಿಸಿತು. ಅಕ್ಕೋರನ್ನು ಕರೆಸಿ ಕೇಳಿದಾಗ ಅವರು, "ಶಗಣಿ ಗೊಬ್ಬರದಾಗ ಬೆಳದ ಬದನಿಕಾಯಿ ತಿಂದು, ಯಾರರ ಆಕಳಾ ತಿಂದೆ ಅಂತಾರೇನ್ರಿ?" ಎಂದರು. ಉಪಸಮಿತಿ ಅಲ್ಲಿಗೆ ಬರಖಾಸ್ತಾಯಿತು. ಆದರೆ ಕಾರ್ಯದರ್ಶಿಗಳ ಕಣ್ಣು ಚಾಚಾರ ಮೇಲೆ ಬಿದ್ದಿತ್ತು.

"ಆ ಮೆಕ್ಯಾನಿಕ್ ಎರಡು ಮೀನ ಹುಬ್ಬಳ್ಳಿಗೆ ಒಯ್ದಾನಂತ. ಅವು ಎಲ್ಲಿ ಹೋಗಿರ್ತಾವ ಅಂತ ಬಿಡಿಸಿ ಹೇಳಬೇಕೇನ್ರಿ? ಇವತ್ತ ಎರಡು, ನಾಳೆ ನಮ್ಮ ಕಾಲನ್ಯಾಗ ಒಲಿ ಹೂಡಿದ್ರ?"

ಹೀಗೆ ಒಂದು ಠರಾವು ಪಾಸಾಯಿತು: 'ಕಾಲನಿಯ ಗಡಿಯೊಳಗೆ ಮೀನಿನ ಹತ್ಯೆ ನಡೆಯಕೂಡದು.' ಓದುಗರು ಈ ಠರಾವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಸಂಘಕ್ಕೂ ಅದು ನೆನಪಿತ್ತು, ಉಪಯೋಗಕ್ಕೆ ಮಾತ್ರ ಬರಲಿಲ್ಲ.

ಕಳೆದ ತಿಂಗಳು ಅಕ್ಕೋರನ್ನು ಮಂಡಿಯ ಶಸ್ತ್ರಚಿಕಿತ್ಸೆಗೆಂದು ಸತ್ತೂರಿನ ದವಾಖಾನೆಗೆ ಸೇರಿಸಿದೆವು. ಅಷ್ಟರಲ್ಲಿ ಟೈಪಿಂಗಿಗೆ ಬರುವವರು ಯಾರೂ ಉಳಿದಿರಲಿಲ್ಲ. ಮನೆಯ ಕೀಲಿಯನ್ನು ನನ್ನ ಕೈಗಿಟ್ಟು ಅವರು ಹೇಳಿದ್ದು ಇಷ್ಟೇ:

"ಯಂತ್ರಕ್ಕ ಧೂಳ ಕೂತ್ರ ಕೂಡಲಿ. ಮೀನಾ ನೋಡಕೋ. ಈಗ ಹೊತ್ತಿಗೆ ಸರಿಯಾಗಿ ನನ್ನ ದಾರಿ ಕಾಯೋ ವಿದ್ಯಾರ್ಥಿಗಳಂದ್ರ ಅವ ಹನ್ನೊಂದು."

ಅವರು ಮರಳುವ ದಿನ ಬೆಳಿಗ್ಗೆಯೇ ನಳ ಬಂತು. ದವಾಖಾನೆಯಿಂದ ಬರುವ ಹೆಣ್ಣುಮಗಳಿಗೆ ಮನೆಯಲ್ಲಿ ಒಂದು ಕೊಡ ಹೊಸ ನೀರಿಲ್ಲವೆಂದರೆ ನೆರೆಹೊರೆಯವರ ಮರ್ಯಾದೆ ಏನಾಗಬೇಕು? ಕಾರ್ಯದರ್ಶಿಗಳೇ ಮುಂದಾಳಾಗಿ ಹದಿನೈದು ಜನ ಬಂದರು. ಹಂಡೆ ತೊಳೆದರು, ಕೊಡ ತುಂಬಿದರು, ಅಂಗಳ ಸಾರಿಸಿದರು. ಆಮೇಲೆ ಹಿತ್ತಲಿಗೆ ನಡೆದರು.

"ಅಯ್ಯ, ಪಾಚಿ ನೋಡ್ರಿ!"

"ಖಡಿಗೆ ಎಷ್ಟು ಲೋಳಿ ಹತ್ತೇದ ಮಾರಾಯ್ರ! ಸಾಬೂನು ಪುಡಿ ತರ್ರಿ."

"ಮೀನಾ?"

"ಬಕೀಟದಾಗ ಹಾಕ್ರಿ. ಹುಷಾರ, ಒಂದೂ ಸಾಯಬಾರದು. ಠರಾವು ಅದ."

ಎಷ್ಟು ಪ್ರೀತಿಯಿಂದ ತೊಳೆದರೆಂದರೆ ಖಡಿಯ ಕಲ್ಲುಗಳನ್ನು ಒಂದೊಂದಾಗಿ ತಿಕ್ಕಿದರು. ವರ್ಷಗಟ್ಟಲೆ ಮನೆಕಟ್ಟಿ ನೆಲೆಸಿದ್ದ ಜೀವಾಣುಗಳು ಒಂದು ಮುಂಜಾನೆಯಲ್ಲಿ ಒಕ್ಕಲೆದ್ದವು. ಹಳೆಯ ನೀರೆಲ್ಲ ಗಟಾರಕ್ಕೆ ಹೋಯಿತು. ದವಾದ ವಾಸನೆ ಘಮ್ಮೆನ್ನುವ ಹೊಸ ನೀರು ಬ್ಯಾರೆಲ್ಲಿನ ಅಂಚಿನತನಕ ತುಂಬಿ, ಹನ್ನೊಂದು ಮೀನುಗಳನ್ನು ಚಪ್ಪಾಳೆಯೊಂದಿಗೆ ಒಳಗೆ ಬಿಟ್ಟರು.

ಸಂಜೆ ಆಟೋದಿಂದಿಳಿದು, ಕೋಲೂರಿಕೊಂಡು ಅಕ್ಕೋರು ನೇರವಾಗಿ ಹಿತ್ತಲಿಗೆ ಬಂದರು. ಹದಿನೈದು ಜನ ಸಾಲಾಗಿ ನಿಂತಿದ್ದೆವು. ಬ್ಯಾರೆಲ್ಲಿನಲ್ಲಿ ಹನ್ನೊಂದೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಮಾತ್ರ ಎಷ್ಟು ಸ್ವಚ್ಛವಾಗಿತ್ತೆಂದರೆ ತಳ ಕಾಣುತ್ತಿತ್ತು.

"ಎಲ್ಲಾ ಹೊಸಾ ನೀರು ಹಾಕೇವ್ರಿ ಅಕ್ಕೋರ" ಎಂದರು ಕಾರ್ಯದರ್ಶಿಗಳು, ಬೇರೇನು ಹೇಳಬೇಕೋ ತಿಳಿಯದೆ.

ಕೋಲಿನ ಮೇಲಿದ್ದ ಅಕ್ಕೋರ ಬೆರಳುಗಳು ಅಲುಗಾಡುತ್ತಿರಲಿಲ್ಲ.

ವಾರದೊಳಗೆ ಅವರು ಹೆಬ್ಬಳ್ಳಿಯ ತಮ್ಮನ ಮನೆಗೆ ಹೊರಟರು. ಮರಳುವ ಮಾತಾಡಲಿಲ್ಲ. ಶಾಲಿನ ಸಮಾರಂಭದಲ್ಲಿ ಕಾರ್ಯದರ್ಶಿಗಳು ಅವರನ್ನು ಜೀವಪ್ರೇಮಿಯೆಂದು ಬಣ್ಣಿಸಿ, ಬ್ಯಾಟರಿ ಮೀನನ್ನು ಕೊಟ್ಟರು. ಸಂಘದ ವರದಿಯಲ್ಲಿ ಆ ನಳದ ದಿನ 'ಸ್ವಚ್ಛತಾ ಸೇವೆ' ಎಂದು ದಾಖಲಾಯಿತು.

ನಾನು ಸುದ್ದಿ ಹೇಳಲು ಹುಬ್ಬಳ್ಳಿಗೆ, ಚಾಚಾರ ಅಂಗಡಿಗೆ ಹೋದೆ. ಕೂಲರುಗಳ ಹಿಂದೆ, ತಗಡಿನ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರ ಮೇಲೆ ಖಡಿ, ಖಡಿಯಲ್ಲಿ ಮೊಣಕಾಲೆತ್ತರ ಪುದೀನಾ. ನೀರು ಚಹಾದ ಬಣ್ಣಕ್ಕಿತ್ತು. ಅದರೊಳಗೆ ಮೊಳಕೈಯುದ್ದದ ಎರಡು ಗೆಂಡೆಗಳು.

"ಚಾಚಾ, ಇವನ್ನ ತಿಂದಿಲ್ಲೇನ್ರಿ?"

"ಶುಕ್ರವಾರಕ್ಕೊಮ್ಮೆ ಮಾರ್ಕೆಟಿನ ಮೀನ ತಿಂತೇನ್ರಿ. ಇವು ಅಕ್ಕೋರವು. ಸೋಮವಾರ ಒಪ್ಪತ್ತಿರ್ತಾವ. ಇವನ್ನ ಹೆಂಗ ತಿನ್ನಲಿ?"

ಸಂಘದ ಗಮನಕ್ಕೆ ಈ ಲೆಕ್ಕವನ್ನು ತರುತ್ತೇನೆ. ಮೀನು ತಿನ್ನುವವರ ಮನೆಯಲ್ಲಿ ಎರಡಕ್ಕೆ ಎರಡೂ ಬದುಕಿವೆ. ಮೀನು ಮುಟ್ಟದ ನಾವು ಹನ್ನೊಂದಕ್ಕೆ ಹನ್ನೊಂದನ್ನೂ ಕೊಂದಿದ್ದೇವೆ.

'ನಾವು' ಎಂದು ಬರೆದದ್ದು ಕೈತಪ್ಪಿನಿಂದಲ್ಲ. ಅಲ್ಲಿಂದ ನಾನು ಹೆಬ್ಬಳ್ಳಿಯ ಬಸ್ಸು ಹತ್ತಿದೆ. ಅಕ್ಕೋರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಬ್ಯಾಟರಿ ಮೀನು ಕಿಟಕಿಯಲ್ಲಿ ಬಾಲ ಆಡಿಸುತ್ತಿತ್ತು. ತಮ್ಮನ ಮೊಮ್ಮಗಳಿಗೆ ಅದೇ ಆಟಿಕೆ. ನಾನು ಸಂಘವನ್ನು ಬೈಯತೊಡಗಿದೆ. ಕಾರ್ಯದರ್ಶಿ ಹೀಗೆ ಮಾಡಿದ, ಅಧ್ಯಕ್ಷ ಹಾಗೆ ತಿಕ್ಕಿದ ಎಂದೆ. ಅವರ ಬೆರಳುಗಳು ಕಟ್ಟೆಯ ಮೇಲೆ ಓಡುತ್ತಿದ್ದವು. 'ಅವರು ಚೀಟಿ ಓದಲಿಲ್ಲ' ಎಂದೆ. ಬೆರಳು ನಿಂತವು.

"ಚೀಟಿ ಇತ್ತೇನು?" ಎಂದರು.

ಇರಲಿಲ್ಲ. ಒದ್ದೆಯಾದೀತೆಂದು, ತೊಳೆದ ಮೇಲೆ ಮತ್ತೆ ಅಂಟಿಸಿದರಾಯಿತೆಂದು, ನಾನೇ ಮೊದಲು ಅದನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಆರು ವರ್ಷ ದಿನಾಲೂ ಓದಿದ ಚೀಟಿ. ನಳದ ಸದ್ದು ಕೇಳಿದ್ದೇ ತಡ, ಓದಿದ್ದೆಲ್ಲ ಮರೆತು ಬಕೀಟು ಹಿಡಿದೆ. ಇದನ್ನು ಅವರಿಗೆ ಹೇಳಿದೆ. ಬೆರಳುಗಳು ನಿಧಾನವಾಗಿ ಮತ್ತೆ ಚಲಿಸಿದವು.

"ಪಹಿಲೇ ಸಲ ನಾನೂ ಹಂಗ ಮಾಡಿದ್ದೆ. ಹೊಸಾ ಹಾಳಿ ಹುಡಕಬ್ಯಾಡ. ಅದ ಹಾಳಿಯೊಳಗ ಮುಂದ ಹೊಡಿ."

"ತಿರುಗಿ ಬರತೀರೇನ್ರಿ ಅಕ್ಕೋರ?"

"ಎಂತಾ ನೀರಿಗೆ ಬರಲಿ? ಹಳೇ ನೀರು ಇದ್ರ ಬರತೇನಿ."

ಆದ್ದರಿಂದ, ಮಾನ್ಯ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳಲ್ಲಿ ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ: ತಮ್ಮದೇ ಠರಾವನ್ನು ತಾವೇ ಮುರಿದದ್ದಕ್ಕೆ ಸಂಘವು ಲಿಖಿತ ಉತ್ತರ ಕೊಡಬೇಕು. ವರದಿಯಲ್ಲಿನ 'ಸ್ವಚ್ಛತಾ ಸೇವೆ' ಎಂಬ ಶಬ್ದಗಳನ್ನು ಅಳಿಸದೆ, ಅಕ್ಕೋರ ಕಟ್ಟಳೆಯ ಪ್ರಕಾರ ಅದರ ಮುಂದೆಯೇ ನಿಜ ಸಂಗತಿಯನ್ನು ಬರೆಯಬೇಕು. ಎರಡು ಮೀನುಗಳನ್ನು ಕಾಯ್ದ ಮೆಕ್ಯಾನಿಕ್ ಚಾಚಾರನ್ನು ಸಹಭೋಜನಕ್ಕೆ ಕರೆದು ಕ್ಷಮೆ ಕೇಳಬೇಕು. ಅವರು ಎರಡೂ ಮೀನುಗಳನ್ನು, ಒಂದು ಬೊಗಸೆ ಲೋಳೆ ಹತ್ತಿದ ಖಡಿಯ ಸಮೇತ, ಮರಳಿಸಲು ಒಪ್ಪಿದ್ದಾರೆ. ಕೊನೆಯದಾಗಿ, ಮುಂದಿನ ಸಲ ನಳ ಬಂದಾಗ ಪ್ರತಿ ಮನೆಯವರೂ ತಮ್ಮ ಹಳೆಯ ನೀರನ್ನು ಗಟಾರಕ್ಕೆ ಚೆಲ್ಲುವ ಮೊದಲು ಒಂದೇ ಒಂದು ಕೊಡವನ್ನು ಅಕ್ಕೋರ ಹಿತ್ತಲಿನ ನೀಲಿ ಬ್ಯಾರೆಲ್ಲಿಗೆ ತಂದು ಹೊಯ್ಯಬೇಕು. ಕೀಲಿ ನನ್ನ ಬಳಿಯಿದೆ. ಮೊದಲನೆಯ ಕೊಡ ನನ್ನದು. ಬ್ಯಾರೆಲ್ ತುಂಬಿದ ದಿನ ಹೆಬ್ಬಳ್ಳಿಗೆ ಹೋಗಿ ಕರೆತರುವ ಜವಾಬ್ದಾರಿಯೂ ನನ್ನದೇ.

ತಮ್ಮ ಉತ್ತರ ಹಾಗೂ ಕ್ರಮದ ನಿರೀಕ್ಷೆಯಲ್ಲಿ,
ಹದಿನೈದು ಆರೋಪಿಗಳಲ್ಲಿ ಮೊದಲನೆಯವನು.

ಅಡಕ: ಚೀಟಿ ಒಂದು. ಮೂಲಪ್ರತಿ. ಓದಿದ ಮೇಲೆ ಬ್ಯಾರೆಲ್ಲಿಗೆ ಅಂಟಿಸುವುದು.